ಜಗಳ ಇಬ್ಬರದು, ಗಲ್ಲಾಪೆಟ್ಟಿಗೆ ಒಂದೇ

ಕೋಲ್ಕತ್ತದ ಮೋಹನ್ ಬಾಗನ್ ಅಭಿಮಾನಿಗೂ ಈಸ್ಟ್ ಬೆಂಗಾಲ್ ಅಭಿಮಾನಿಗೂ ಯಾವ ವಿಷಯದಲ್ಲೂ ಹೊಂದಿಕೆಯಿಲ್ಲ. ತಿನ್ನುವ ಮೀನು ಬೇರೆ, ಮಾತಿನ ಧಾಟಿ ಬೇರೆ, ಬಾವುಟದ ಬಣ್ಣ ಬೇರೆ. ಬಾಗನ್‌ನವರ ಮನೆಯ ಪಲ್ಯಕ್ಕೆ ಚಿಟಿಕೆ ಸಕ್ಕರೆ ಬಿದ್ದರೆ ಈಸ್ಟ್ ಬೆಂಗಾಲ್‌ನವರು ಅದನ್ನು ಮಿಠಾಯಿ ಎನ್ನುತ್ತಾರೆ. ಇವರ ಮನೆಯ ಖಾರಕ್ಕೆ ಅವರು ಕಣ್ಣೀರು ಹಾಕುತ್ತಾರೆ. ಹೆಣ್ಣು ಕೊಡುವಾಗಲೂ ಜಾತಿ-ಗೋತ್ರದ ಜೊತೆಗೆ ಹುಡುಗ ಯಾವ ಗ್ಯಾಲರಿಯವನು ಎಂದು ವಿಚಾರಿಸುವವರಿದ್ದರಂತೆ. ಇಷ್ಟೊಂದು ಭೇದ ಇಟ್ಟುಕೊಂಡ ಎರಡು ಪಂಗಡಗಳನ್ನು 1998ರಲ್ಲಿ ಒಂದೇ ಕಿಸೆಗೆ ಇಳಿಸಿದ ಕೀರ್ತಿ ಮಾತ್ರ ನಮ್ಮ ಬೆಂಗಳೂರಿಗೆ ಸಲ್ಲಬೇಕು.

ಆ ವರ್ಷ ವಿಜಯ್ ಮಲ್ಯ ಅವರ ಯುಬಿ ಸಮೂಹ ಎರಡೂ ಕ್ಲಬ್‌ಗಳ ಫುಟ್‌ಬಾಲ್ ತಂಡಗಳಲ್ಲಿ ಅರ್ಧರ್ಧ ಪಾಲು ಹಿಡಿಯಿತು. ಮೋಹನ್ ಬಾಗನ್ ಎದೆಯ ಮೇಲೆ ಮೆಕ್‌ಡೊವೆಲ್ ಕೂತಿತು, ಈಸ್ಟ್ ಬೆಂಗಾಲ್ ಎದೆಯ ಮೇಲೆ ಕಿಂಗ್‌ಫಿಷರ್. ಈ ಕಡೆ ವಿಸ್ಕಿ, ಆ ಕಡೆ ಬಿಯರ್. ಮದ್ಯದ ಜಾಹೀರಾತಿಗೆ ಕಾನೂನು ಅಡ್ಡ ಬರುವುದರಿಂದ ಅದು ಸೋಡಾ ಎಂದು ನಂಬಬೇಕು, ಊರೆಲ್ಲ ನಂಬಿತು. ಗೆದ್ದವರು ಖುಷಿಗೆ ಕುಡಿಯುತ್ತಾರೆ, ಸೋತವರು ದುಃಖಕ್ಕೆ ಕುಡಿಯುತ್ತಾರೆ, ಪಂದ್ಯ ಡ್ರಾ ಆದರೆ ಇಬ್ಬರೂ ಬೇಜಾರಿಗೆ ಕುಡಿಯುತ್ತಾರೆ. ಭಾರತೀಯ ಫುಟ್‌ಬಾಲಿನಲ್ಲಿ ಎಲ್ಲ ಪಂದ್ಯವನ್ನೂ ಗೆದ್ದ ತಂಡ ಒಂದಿದ್ದರೆ ಅದು ಯುಬಿಯೇ.

ಒಂದೇ ಲೀಗಿನ ಎರಡು ಬದ್ಧವೈರಿ ತಂಡಗಳಲ್ಲಿ ಒಂದೇ ಮನೆತನದ ಪಾಲು ಎಂದರೆ ಬೇರೆ ದೇಶಗಳಲ್ಲಿ ಹುಬ್ಬೇರಿಸುತ್ತಾರೆ. ನಮ್ಮಲ್ಲಿ ಅದನ್ನು ಪ್ರೋತ್ಸಾಹ ಎಂದು ಕರೆದು ಹಾರ ಹಾಕಿದೆವು. ಎರಡೂ ಕಡೆಯ ಅಭಿಮಾನಿಗೆ ಇದ್ದ ದೂರು ಒಂದೇ: ಧಣಿಗಳ ಮನಸ್ಸು ಆ ಕಡೆಗೇ ಜಾಸ್ತಿ ವಾಲುತ್ತದೆ. ಹಾಗೆ ನೋಡಿದರೆ ಈ ಬುದ್ಧಿಯೂ ಪೂರ್ತಿ ಸ್ವದೇಶಿಯಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಸೆಲ್ಟಿಕ್ ಮತ್ತು ರೇಂಜರ್ಸ್ ಎಂಬ ಇನ್ನೊಂದು ಜೋಡಿ ಇದೆ. ಅಲ್ಲಿ ಕ್ಯಾಥೊಲಿಕ್-ಪ್ರಾಟೆಸ್ಟಂಟ್ ವೈರವೇ ಚೆಂಡಿನ ರೂಪದಲ್ಲಿ ಉರುಳುತ್ತದೆ. ಒಂದು ತಂಡಕ್ಕೆ ದುಡ್ಡು ಕೊಟ್ಟ ಕಂಪನಿಯ ಸರಕನ್ನು ಇನ್ನೊಂದು ತಂಡದ ಮನೆಗಳು ಮುಟ್ಟುವುದಿಲ್ಲ ಎಂಬ ಭಯಕ್ಕೆ ಅಲ್ಲಿನ ಕಂಪನಿಗಳು ಇಬ್ಬರ ಅಂಗಿಯ ಮೇಲೂ ಒಟ್ಟಿಗೇ ಹೆಸರು ಬರೆಸಿದವು. 2003ರಿಂದ 2010ರವರೆಗೆ ಆ ಇಬ್ಬರು ಶತ್ರುಗಳ ಎದೆಯ ಮೇಲಿದ್ದದ್ದು ಒಂದೇ ಬಿಯರಿನ ಹೆಸರು, ಕಾರ್ಲಿಂಗ್. 1904ರಲ್ಲೇ ಅಲ್ಲಿನ ಕ್ರೀಡಾ ಪತ್ರಿಕೆಯೊಂದರ ವ್ಯಂಗ್ಯಚಿತ್ರಕಾರ ಈ ಇಬ್ಬರನ್ನೂ ಒಂದೇ ಅಂಗಡಿಯ ಪಾಲುದಾರರೆಂದು ಬರೆದು ಮುಗಿಸಿದ್ದ. ನಾನು 120ಕ್ಕೂ ಹೆಚ್ಚು ವರ್ಷ ತಡವಾಗಿ ಬರೆಯುತ್ತಿದ್ದೇನೆ, ಅಷ್ಟೇ.

ಆದರೂ ಕೋಲ್ಕತ್ತದ ಜಗಳಕ್ಕೆ ಇರುವ ವಂಶಾವಳಿ ದೊಡ್ಡದು. 1889ರ ಆಗಸ್ಟ್ 15ರಂದು ಹುಟ್ಟಿದ ಮೋಹನ್ ಬಾಗನ್‌ಗೆ ಮೊದಲಿಗೆ ಇದ್ದದ್ದು ಬಿಳಿಯ ಶತ್ರು. 1911ರ ಜುಲೈ 29ರ ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್ ಎಂಬ ಬೂಟುಗಾಲಿನ ಪಡೆಯನ್ನು ನಮ್ಮ ಹನ್ನೊಂದು ಜನ 2-1ರಿಂದ ಮಣಿಸಿದರು. ಅವರಲ್ಲಿ ಬೂಟು ಹಾಕಿದ್ದವರು ಸುಧೀರ್ ಚಟರ್ಜಿ ಒಬ್ಬರೇ, ಉಳಿದವರದು ಬರಿಗಾಲು. ಅದೇ ವರ್ಷದ ಕೊನೆಗೆ ರಾಜಧಾನಿಯನ್ನು ದೆಹಲಿಗೆ ಸಾಗಿಸುವುದಾಗಿ ಬ್ರಿಟಿಷರು ಸಾರಿದರು. ಎರಡಕ್ಕೂ ಸಂಬಂಧವಿಲ್ಲ ಎಂಬುದು ಇತಿಹಾಸಕಾರರ ಮಾತು. ಬಾಗನ್ ಗ್ಯಾಲರಿಯಲ್ಲಿ ಕೂತು ಆ ಮಾತು ಆಡಿದ ಇತಿಹಾಸಕಾರನನ್ನು ಮಾತ್ರ ಯಾರೂ ಕಂಡಿಲ್ಲ.

ಬಿಳಿಯರನ್ನು ಸೋಲಿಸಿದ ಮೇಲೆ ಒಂದು ಪೇಚು. ಇನ್ನು ಹಲ್ಲು ಕಡಿಯುವುದು ಯಾರ ಮೇಲೆ? ಸ್ವಾತಂತ್ರ್ಯ ಬರುವವರೆಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ವಿದೇಶಿ ಬಟ್ಟೆ ಸುಟ್ಟು ಸ್ವದೇಶಿ ನೇಯ್ದ ಊರು 1920ರಲ್ಲಿ ಸ್ವದೇಶಿ ಶತ್ರುವನ್ನೂ ತಯಾರಿಸಿಕೊಂಡಿತು. ಕಾರಣ ಕೇಳಿದರೆ ನಮ್ಮವರಿಗೆ ಆಶ್ಚರ್ಯವೇ ಆಗದು. ಜುಲೈ 28ರಂದು ಕೂಚ್ ಬಿಹಾರ್ ಕಪ್‌ನಲ್ಲಿ ಮೋಹನ್ ಬಾಗನ್ ಎದುರು ಜೋಡಾಬಾಗಾನ್ ತಂಡದ ಪಂದ್ಯ. ಶೈಲೇಶ್ ಬೋಸ್ ಎಂಬ ಆಟಗಾರನನ್ನು ತಂಡದಿಂದ ಕೈಬಿಟ್ಟರು. ಯಾಕೆ ಎಂದು ಜೋಡಾಬಾಗಾನ್‌ನ ಉಪಾಧ್ಯಕ್ಷ ಸುರೇಶ್ ಚಂದ್ರ ಚೌಧರಿ ಕೇಳಿದರು. ಸಮಾಧಾನದ ಉತ್ತರ ಸಿಗಲಿಲ್ಲ. ಎದ್ದು ಹೊರಟರು. ನಾಲ್ಕೇ ದಿನಕ್ಕೆ, ಆಗಸ್ಟ್ 1ಕ್ಕೆ, ಈಸ್ಟ್ ಬೆಂಗಾಲ್ ಕ್ಲಬ್ ಸಿದ್ಧ. ಹೊರನಾಡಿನ ಊರುಗಳಲ್ಲಿ ಒಂದು ಕನ್ನಡ ಸಂಘದ ಹೊಟ್ಟೆಯಿಂದ ಎರಡನೆಯ ಕನ್ನಡ ಸಂಘ ಹುಟ್ಟುವುದೂ ಹೀಗೆಯೇ. ನಮ್ಮ ದುರದೃಷ್ಟ ಏನೆಂದರೆ ಆ ಜಗಳ ನೋಡಲು ಯಾರೂ ಟಿಕೆಟ್ ಕೊಳ್ಳುವುದಿಲ್ಲ.

1925ರ ಮೇ 28ರಂದು ಕಲ್ಕತ್ತಾ ಲೀಗಿನಲ್ಲಿ ಇಬ್ಬರೂ ಎದುರಾದರು. ನೇಪಾಲ್ ಚಕ್ರವರ್ತಿ ಗೋಲು ಹೊಡೆದರು, ಹೊಸ ಕ್ಲಬ್ 1-0ರಿಂದ ಗೆದ್ದಿತು. ಅಲ್ಲಿಗೆ ಒಬ್ಬ ಉಪಾಧ್ಯಕ್ಷರ ಮುನಿಸು ಊರಿನ ಆಸ್ತಿಯಾಯಿತು.

ಆಮೇಲೆ 1947 ಬಂತು. ಇಲ್ಲಿ ತಮಾಷೆ ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿಯಲಿ. ಗಡಿ ದಾಟಿ ಬಂದ ಜನ ಸಿಯಾಲ್ದಾ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಒಲೆ ಹೂಡಿದರು, ಜಾದವ್‌ಪುರದ ಸುತ್ತ ಖಾಲಿ ಜಾಗದಲ್ಲಿ ಬಿದಿರು ನೆಟ್ಟು ಕಾಲೊನಿ ಮಾಡಿಕೊಂಡರು. ಬಿಟ್ಟು ಬಂದ ಊರಿಗೆ ಬೇರೆ ದೇಶದ ಬಾವುಟ ಏರಿತ್ತು. ಊರು ಹೋಯಿತು, ಹೊಲ ಹೋಯಿತು, ಹೊಳೆ ಹೋಯಿತು. ಉಳಿದದ್ದು ಆ ನಾಡಿನ ಹೆಸರಿಟ್ಟುಕೊಂಡ ಹನ್ನೊಂದು ಜನ. ಬಾಗನ್ ಕಡೆಯ ಮೂಲನಿವಾಸಿ ಘೋಟಿಗಳಿಗೆ ಇವರು ಬಾಂಗಾಲರು, ಎಂದರೆ ಹಳ್ಳಿಮುಕ್ಕರು, ಮಾತು ಬರದವರು. ಬಾಡಿಗೆ ಮನೆಯ ಮಾಲೀಕ ಘೋಟಿ, ಆಫೀಸಿನ ಹೆಡ್ ಗುಮಾಸ್ತೆ ಘೋಟಿ, ರೇಷನ್ ಕಾರ್ಡಿಗೆ ಮೊಹರು ಒತ್ತುವವನೂ ಘೋಟಿ. ಇವರೆಲ್ಲರ ವಿರುದ್ಧ ನಿರಾಶ್ರಿತನೊಬ್ಬ ಕೂಗಿ ಗೆಲ್ಲಬಹುದಾದ ಜಾಗ ಇಡೀ ಊರಲ್ಲಿ ಒಂದೇ ಇತ್ತು. 2020ರ ಜನವರಿಯ ಡರ್ಬಿಯಲ್ಲಿ, ಎಂದರೆ ಈ ಇಬ್ಬರ ಮುಖಾಮುಖಿಯಲ್ಲಿ, ಪೌರತ್ವದ ಕಾಗದದ ಗಲಾಟೆ ಎದ್ದಿದ್ದಾಗ, ಈಸ್ಟ್ ಬೆಂಗಾಲ್ ಗ್ಯಾಲರಿ ಒಂದು ದೊಡ್ಡ ಬ್ಯಾನರ್ ಇಳಿಬಿಟ್ಟಿತು: ಈ ನೆಲ ಕೊಂಡದ್ದು ಕಾಗದ ಕೊಟ್ಟಲ್ಲ, ರಕ್ತ ಕೊಟ್ಟು. ಈ ಜಗಳಕ್ಕೆ ಒಂದು ಘನತೆ ಇದ್ದರೆ ಅದು ಇದು. ಇದನ್ನು ಯಾವ ಕಂಪನಿಯೂ ಹುಟ್ಟಿಸಿದ್ದಲ್ಲ. ಕೊಂಡದ್ದು ಮಾತ್ರ ಹೌದು.

ಸರಿ, ನಿರಾಶ್ರಿತರ ಮಾನ ಉಳಿಸಿದವರು ಯಾರು? ನಲವತ್ತರ ದಶಕದ ಕೊನೆಯಿಂದ ಐವತ್ತರ ದಶಕದ ಆರಂಭದವರೆಗೆ ಈಸ್ಟ್ ಬೆಂಗಾಲ್‌ನ ಮುಂಚೂಣಿಯಲ್ಲಿ ಆಡಿದ ಐವರನ್ನು ಅಲ್ಲಿ ಇವತ್ತಿಗೂ ಪಂಚ ಪಾಂಡವರೆನ್ನುತ್ತಾರೆ: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಪಟ್ಟಿಯನ್ನು ಮತ್ತೊಮ್ಮೆ ಓದಿ. ಪೂರ್ವ ಬಂಗಾಳ ಹಾಗಿರಲಿ, ಪಶ್ಚಿಮ ಬಂಗಾಳದವನೂ ಒಬ್ಬನಿಲ್ಲ. ಎಲ್ಲರೂ ವಿಂಧ್ಯದ ಈಚೆಯವರು. ಧನರಾಜ್ ಮತ್ತು ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. 1949ರಿಂದ ಸತತ ಮೂರು ವರ್ಷ ಶೀಲ್ಡ್ ಗೆದ್ದುಕೊಟ್ಟು ಪದ್ಮಾ ನದಿಯ ಮಾನ ಕಾಯ್ದದ್ದು ಅರ್ಕಾವತಿಯ ನೀರು ಕುಡಿದ ಕಾಲುಗಳು. ಅಂದ ಹಾಗೆ ಈಸ್ಟ್ ಬೆಂಗಾಲ್ ಬಾವುಟದ ಬಣ್ಣ ಕೆಂಪು ಮತ್ತು ಬಂಗಾರದ ಹಳದಿ. ಕನ್ನಡಿಗನೊಬ್ಬ ಡರ್ಬಿ ದಿನ ಸಾಲ್ಟ್ ಲೇಕ್ ಸ್ಟೇಡಿಯಂ ಬಳಿ ಇಳಿದರೆ ನವೆಂಬರ್ ಒಂದೇ ಇರಬೇಕೆಂದು ಜೈಕಾರ ಹಾಕಿ ಏಟು ತಿನ್ನುವ ಸಾಧ್ಯತೆ ಇದೆ.

ಮೀನಿನ ವಿಷಯಕ್ಕೆ ಬರೋಣ. ಬಾಗನ್ ಗೆದ್ದರೆ ಸಿಗಡಿ, ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್. ಇದು ಕೋಲ್ಕತ್ತದ ಅಲಿಖಿತ ಸಂವಿಧಾನ. ಆ ಸಂವಿಧಾನ ಈಗ ಬೆಂಗಳೂರಿನಲ್ಲೂ ಜಾರಿಯಲ್ಲಿದೆ, ಸಾಫ್ಟ್‌ವೇರ್ ಕಂಪನಿಗಳು ಇರುವ ಕಡೆಯೆಲ್ಲ ಬಂಗಾಳಿ ಮೀನಂಗಡಿಗಳು ಎದ್ದಿವೆ. ನಮ್ಮ ಬಡಾವಣೆಯ ಅಂಗಡಿಗೆ ಡರ್ಬಿಯ ದಿನ ಬೆಳಗ್ಗೆ ಹೋಗಿ ನೋಡಿದೆ. ಒಂದೇ ಥರ್ಮಾಕೋಲ್ ಪೆಟ್ಟಿಗೆ. ಅದರಲ್ಲಿ ಒಂದು ಬದಿಗೆ ಬೆಳ್ಳಿಹೊಟ್ಟೆಯ ಇಲಿಶ್ ಸಾಲಾಗಿ ಮಲಗಿವೆ, ಇನ್ನೊಂದು ಬದಿಗೆ ನೀಲಿ ಕೊಂಡಿಯ ದೊಡ್ಡ ಸಿಗಡಿ, ನಡುವೆ ಮಂಜುಗಡ್ಡೆಯ ಗಡಿ. ಕರಗಿದ ನೀರು ಎರಡೂ ದೇಶಗಳನ್ನು ಹಾದು ಒಂದೇ ಮೋರಿಗೆ ಇಳಿಯುತ್ತಿತ್ತು. ಹುಡುಗ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಈಳಿಗೆಮಣೆಯ ತುದಿಯನ್ನು ಪಾದದಲ್ಲಿ ಒತ್ತಿ ಹಿಡಿದು, ಇಲಿಶ್ ಕತ್ತರಿಸಿದ ಅಲಗಿನಲ್ಲೇ ಸಿಗಡಿಯ ಮೀಸೆ ತೆಗೆಯುತ್ತಿದ್ದ. ರಿಟೈರಾದ ಘೋಟಿ ಯಜಮಾನರೊಬ್ಬರು ಸಿಗಡಿ ತೂಗಿಸುತ್ತ, ಇಲಿಶ್ ಆರಿಸುತ್ತಿದ್ದ ಹುಡುಗಿಯ ಕಡೆ ಕರುಣೆಯಿಂದ ನೋಡಿದರು. ಅವಳು, "ಕಾಕು, ರಾತ್ರಿ ಫೋನ್ ಮಾಡ್ತೀನಿ, ತೆಗೀಬೇಕು" ಅಂದಳು. ಎರಡರ ಬೆಲೆಯೂ ಹಿಂದಿನ ದಿನಕ್ಕಿಂತ ಕಿಲೋಗೆ ನೂರು ರೂಪಾಯಿ ಏರಿತ್ತು.

"ಗೆಲ್ಲೋದು ಒಂದೇ ಟೀಮ್ ಅಲ್ವೇನಪ್ಪ, ಎರಡಕ್ಕೂ ಯಾಕೆ ಏರಿಸಿದೀಯ?" ಎಂದೆ.

"ಸಾರ್, ಮ್ಯಾಚ್ ಮುಗಿದ ಮೇಲೆ ಒಂದೇ ಓಡೋದು. ಅದಕ್ಕೇ ಮ್ಯಾಚ್‌ಗೆ ಮುಂಚೆ ಎರಡೂ ಖಾಲಿ ಮಾಡಬೇಕು."

"ನಿಂದು ಯಾವ ಟೀಮು?"

"ನಾನು ಮುರ್ಷಿದಾಬಾದ್ ಕಡೆಯವನು ಸಾರ್. ನಮ್ಮೂರಲ್ಲಿ ಕ್ರಿಕೆಟ್ಟು."

ಯುಬಿ ಸಮೂಹದ ಆಡಳಿತ ಮಂಡಳಿ ಎಷ್ಟು ಸಭೆ ಕೂತು ಈ ತತ್ವಕ್ಕೆ ಬಂದಿತ್ತೋ ಗೊತ್ತಿಲ್ಲ. ಹುಡುಗ ಕೂತಲ್ಲೇ ಹೇಳಿದ.

ಮೀನಿನಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. 1975ರ ಸೆಪ್ಟೆಂಬರ್ 30ರಂದು ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ 5-0ಯಿಂದ ಗೆದ್ದಿತು. ಬಾಗನ್ ಆಟಗಾರರು ಅಭಿಮಾನಿಗಳಿಗೆ ಹೆದರಿ ಗಂಗೆಯಲ್ಲಿ ದೋಣಿಯ ಮೇಲೆ ರಾತ್ರಿ ಕಳೆದರೆಂದು ಅಲ್ಲಿ ಈಗಲೂ ಹೇಳುತ್ತಾರೆ. ಒಬ್ಬ ಬಾಗನ್ ಅಭಿಮಾನಿ ಮಾತ್ರ ಮನೆಯಲ್ಲಿ ಚೀಟಿ ಬರೆದಿಟ್ಟು ಪ್ರಾಣ ಕಳೆದುಕೊಂಡ. ಮುಂದಿನ ಜನ್ಮದಲ್ಲಿ ಒಳ್ಳೆಯ ಆಟಗಾರನಾಗಿ ಹುಟ್ಟಿ ಸೇಡು ತೀರಿಸುತ್ತೇನೆ ಎಂಬುದು ಆ ಚೀಟಿಯ ಸಾರ. ಸೇಡು ತೀರಲಿಲ್ಲ ಅನ್ನುವ ಹಾಗಿಲ್ಲ. 2009ರ ಅಕ್ಟೋಬರ್ 25ರಂದು ಬಾಗನ್ 5-3ರಿಂದ ಗೆದ್ದಿತು, ನೈಜೀರಿಯಾದ ಚಿಡಿ ಎಡೆ ಒಬ್ಬರೇ ನಾಲ್ಕು ಗೋಲು ಹೊಡೆದರು. ಬಾಗನ್ ಮನೆಗಳಲ್ಲಿ ಆ ರಾತ್ರಿ ದೀಪಾವಳಿ. ಕೆಲವೇ ವರ್ಷಗಳಲ್ಲಿ ಅದೇ ಚಿಡಿ ಈಸ್ಟ್ ಬೆಂಗಾಲ್ ಅಂಗಿ ತೊಟ್ಟು ಬಾಗನ್ ವಿರುದ್ಧ ಇಳಿದರು. ಅವರ ತಪ್ಪೇನಿಲ್ಲ, ಒಂದು ನೌಕರಿ ಬಿಟ್ಟು ಇನ್ನೊಂದು ಹಿಡಿದರು. ಪುನರ್ಜನ್ಮಕ್ಕೆ ಸಹಿ ಹಾಕಿದವನು ಅಭಿಮಾನಿ ಒಬ್ಬನೇ, ಉಳಿದವರೆಲ್ಲ ಸಹಿ ಹಾಕುವುದು ವರ್ಷಾವಧಿಯ ಕರಾರಿಗೆ.

1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ 16 ಜನ ಸತ್ತರು. ಮೈದಾನದಲ್ಲಿ ಬಾಗನ್‌ನ ಬಿದೇಶ್ ಬೋಸ್, ಈಸ್ಟ್ ಬೆಂಗಾಲ್‌ನ ದಿಲೀಪ್ ಪಾಲಿತ್ ನಡುವೆ ಎದ್ದ ಕಿಡಿ ಗ್ಯಾಲರಿಗೆ ಹತ್ತಿತು. ಎರಡೂ ಕಡೆಯವರನ್ನು ಬೇರೆ ಬೇರೆ ಕೂರಿಸುವ ಏರ್ಪಾಡು ಇರಲಿಲ್ಲ. ಹೊಡೆದಾಟ, ನೂಕುನುಗ್ಗಲು, ತುಳಿತ. ಅಂದಿನಿಂದ ಪ್ರತಿವರ್ಷ ಆ ದಿನ ಫುಟ್‌ಬಾಲ್ ಪ್ರೇಮಿಗಳು ರಕ್ತದಾನ ಮಾಡುತ್ತಾರೆ. 2021ರಲ್ಲಿ ರಾಜ್ಯ ಸರ್ಕಾರಕ್ಕೂ ಆ ತಾರೀಕಿನ ಮೇಲೆ ಪ್ರೀತಿ ಬಂತು. ವಿಧಾನಸಭೆ ಚುನಾವಣೆಯಲ್ಲಿ ಆಳುವ ಪಕ್ಷವನ್ನು ಗೆಲ್ಲಿಸಿದ ಘೋಷಣೆ 'ಖೇಲಾ ಹೋಬೆ', ಆಟ ನಡೆಯುತ್ತದೆ ಎಂದು. ಆ ಘೋಷಣೆಯ ಹೆಸರಲ್ಲೇ ಒಂದು ದಿನಾಚರಣೆ ಘೋಷಿಸಿದರು. ಅದಕ್ಕೆ ಗೊತ್ತುಮಾಡಿದ ದಿನ ಆಗಸ್ಟ್ 16. ಹದಿನಾರು ಹೆಣಗಳು 41 ವರ್ಷ ಕಾದು ಕೊನೆಗೆ ಪಕ್ಷ ಸೇರಿದವು.

ಜನ ಇಷ್ಟಕ್ಕೆಲ್ಲ ಹೆದರಿ ಮನೆಯಲ್ಲಿ ಕೂತರೇ? ಇಲ್ಲ. 1997ರ ಜುಲೈ 13ರ ಫೆಡರೇಷನ್ ಕಪ್ ಸೆಮಿಫೈನಲ್‌ಗೆ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಸೇರಿದವರು 1 ಲಕ್ಷ 31 ಸಾವಿರಕ್ಕೂ ಹೆಚ್ಚು. ಬಾಗನ್ ಕೋಚ್ ಅಮಲ್ ದತ್ತ ಪಂದ್ಯಕ್ಕೆ ಮುಂಚೆ ಬಾಯಿಗೆ ಬೀಗ ಹಾಕಿದವರಲ್ಲ. ತಮ್ಮ 'ಡೈಮಂಡ್' ವ್ಯೂಹದ ಗುಂಗಿನಲ್ಲಿ ಎದುರಾಳಿ ಬೈಚುಂಗ್ ಭುಟಿಯಾಗೆ ಚುಂಗ್ ಚುಂಗ್ ಎಂದರು, ಒಮೊಲ್ಲೊಗೆ ಆಮ್ಲೆಟ್ ಎಂದರು, ಸೊಸ್ಸೊನನ್ನು ಶೋಶಾ, ಎಂದರೆ ಸೌತೆಕಾಯಿ, ಮಾಡಿದರು. ಚುಂಗ್ ಚುಂಗ್ ಮೂರು ಗೋಲು ಹೊಡೆದರು, ಈಸ್ಟ್ ಬೆಂಗಾಲ್ 4-1. ಎದುರು ಬೆಂಚಿನಲ್ಲಿ ಪಿ.ಕೆ. ಬ್ಯಾನರ್ಜಿ ಸುಮ್ಮನೆ ಕೂತು ಗೆದ್ದರು. ಮರುವರ್ಷವೇ ಬೆಂಗಳೂರಿನ ಮದ್ಯದ ಹಣ ಎರಡೂ ಮನೆಗೆ ಇಳಿಯಿತು. ಒಂದು ಲಕ್ಷ ಮೂವತ್ತು ಸಾವಿರ ಒಣಗಿದ ಗಂಟಲುಗಳನ್ನು ಒಂದೇ ಕಡೆ ನೋಡಿದ ಯಾವ ಮದ್ಯದ ವ್ಯಾಪಾರಿ ಸುಮ್ಮನಿರುತ್ತಾನೆ?

ಜಗಳವೇ ಸರಕು ಎಂಬುದನ್ನು ಫುಟ್‌ಬಾಲ್ ಫೆಡರೇಷನ್ 2013ರ ಆರಂಭದಲ್ಲಿ ಲಿಖಿತವಾಗಿ ಒಪ್ಪಿಕೊಂಡಿತು. 2012ರ ಡಿಸೆಂಬರ್ 9ರ ಡರ್ಬಿಯಲ್ಲಿ ಬಾಗನ್‌ನ ಒಡಾಫಾಗೆ ಕೆಂಪು ಕಾರ್ಡ್, ಗ್ಯಾಲರಿಯಿಂದ ಬಂದ ಕಲ್ಲೇಟಿಗೆ ಅದೇ ತಂಡದ ರಹೀಂ ನಬಿಯ ಮುಖಕ್ಕೆ ಗಾಯ. ವಿರಾಮದ ನಂತರ ಬಾಗನ್ ಮೈದಾನಕ್ಕೆ ಇಳಿಯಲೇ ಇಲ್ಲ. ನಿಯಮದ ಪುಸ್ತಕ ತೆಗೆದ ಫೆಡರೇಷನ್ ಎರಡು ವರ್ಷ ಐ-ಲೀಗಿನಿಂದ ನಿಷೇಧ ಹೇರಿತು. ಆಮೇಲೆ ಯಾರೋ ಕ್ಯಾಲ್ಕುಲೇಟರ್ ತೆಗೆದಿರಬೇಕು. ಮೂರು ವಾರ ಕಳೆಯುವುದರೊಳಗೆ ನಿಷೇಧ ಹೋಗಿ 2 ಕೋಟಿ ದಂಡ ಬಂತು, ಆ ವರ್ಷದ ಅಂಕ ಸೊನ್ನೆಯಾಯಿತು, ಬಾಗನ್ ವಾಪಸು ಬಂತು. ಈಸ್ಟ್ ಬೆಂಗಾಲ್‌ಗೂ ಒಳಗೊಳಗೇ ಸಮಾಧಾನ ಆಗಿರಬೇಕು. ಎರಡು ವರ್ಷ ಯಾರನ್ನು ಬೈದುಕೊಂಡು ಬದುಕುವುದು? ಗ್ಲಾಸ್ಗೋದ ರೇಂಜರ್ಸ್ ಅದೇ 2012ರಲ್ಲಿ ದಿವಾಳಿಯಾಗಿ ನಾಲ್ಕನೇ ದರ್ಜೆಗೆ ಬಿದ್ದಾಗ ಸೆಲ್ಟಿಕ್‌ನವರು ಕುಣಿದರು. ಕುಣಿತ ಮುಗಿದ ಮೇಲೆ ನೋಡಿದರೆ ಲೀಗಿನಲ್ಲಿ ನಾಲ್ಕು ವರ್ಷ ಎದುರಾಳಿಯೇ ಇಲ್ಲ. ಕಪ್ ಬಂದ ಮೇಲೆ ಬಂತು, ತೋರಿಸಿ ಉರಿಸಲು ಜನ ಇರಲಿಲ್ಲ.

ಈ ಸತ್ಯ ಗೊತ್ತಿಲ್ಲದ ಬುದ್ಧಿವಂತರು 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಕಟ್ಟಿದರು. ಹಳೇ ಕ್ಲಬ್‌ಗಳ ಗಲೀಜು ಬೇಡ, ಊರಿಗೊಂದು ಹೊಚ್ಚಹೊಸ ತಂಡ. ಕೋಲ್ಕತ್ತಕ್ಕೆ ಸಿಕ್ಕಿದ್ದು ಅಟ್ಲೆಟಿಕೊ ಡಿ ಕೋಲ್ಕತ್ತ, ಚಿಕ್ಕದಾಗಿ ಎಟಿಕೆ. ಒಡೆತನದಲ್ಲಿ ಉದ್ಯಮಿ ಸಂಜೀವ್ ಗೋಯೆಂಕಾ, ಜೊತೆಗೆ ಸೌರವ್ ಗಂಗೂಲಿ, ಬೆನ್ನಿಗೆ ಸ್ಪೇನಿನ ಅಟ್ಲೆಟಿಕೊ ಮ್ಯಾಡ್ರಿಡ್. 2014ರಲ್ಲಿ ಕಪ್ ಗೆದ್ದರು. 2016ರಲ್ಲಿ ಗೆದ್ದರು. 2020ರಲ್ಲಿ ಮೂರನೇ ಸಲ ಗೆದ್ದರು. ಪಾಪ, ಎಷ್ಟು ಗೆದ್ದರೂ ಊರಲ್ಲಿ ಯಾರೂ ಆ ತಂಡವನ್ನು ದ್ವೇಷಿಸಲಿಲ್ಲ. ಅದು ಸೋತರೆ ಪಟಾಕಿ ಹೊಡೆಯುವವರಿಲ್ಲ, ಗೆದ್ದರೆ ಊಟ ಬಿಡುವವರಿಲ್ಲ. ಅದು ಗೆದ್ದ ದಿನ ಯಾವ ಮೀನು ತರಬೇಕೆಂಬುದೂ ಯಾರಿಗೂ ಗೊತ್ತಿರಲಿಲ್ಲ. ಕಪ್‌ಗಳನ್ನು ಕೊಳ್ಳಬಹುದು, ಶತ್ರುವನ್ನು ಮಾತ್ರ ಹೆರಿಗೆ ಮಾಡಿಸಲಾಗದು. ಆದ್ದರಿಂದ 2020ರಲ್ಲಿ ಗೋಯೆಂಕಾ ಅವರ ಆರ್‌ಪಿಎಸ್‌ಜಿ ಸಮೂಹ ಮೋಹನ್ ಬಾಗನ್‌ನ ಫುಟ್‌ಬಾಲಿನಲ್ಲಿ ಶೇ 80ರಷ್ಟು ಪಾಲು ಕೊಂಡಿತು. ಪತ್ರಿಕೆಗಳು ವಿಲೀನ ಎಂದು ಬರೆದವು. ಅಸಲಿಗೆ ಅಲ್ಲಿ ಆದದ್ದು ನೂರು ವರ್ಷ ಹಳೆಯ ಜಗಳವೊಂದರ ಕ್ರಯಪತ್ರ.

ಕ್ರಯಪತ್ರದ ಜೊತೆ ಹೆಸರೂ ಬದಲಾಗಬೇಕಲ್ಲ. ಮೊದಲು ಎಟಿಕೆ ಮೋಹನ್ ಬಾಗನ್. ಮನೆಗೆ ಬಂದ ಅಳಿಯ ಮಾವನ ಹೆಸರಿನ ಮುಂದೆ ತನ್ನ ಹೆಸರು ಬರೆಸಿದರೆ ಹೇಗೋ ಹಾಗೆ ಉರಿಯಿತು ಅಭಿಮಾನಿಗಳಿಗೆ. ಎಟಿಕೆ ತೆಗೆಯಿರಿ ಎಂದು ಮೂರು ವರ್ಷ ಬೀದಿಯಲ್ಲಿ ಕೂಗಿದರು. 2023ರ ಮಾರ್ಚ್ 18ರಂದು ಗೋವಾದಲ್ಲಿ ನಮ್ಮ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿ ಕಪ್ ಎತ್ತಿದ ರಾತ್ರಿ ಧಣಿಗಳು ಮನಕರಗಿ ವರ ಕೊಟ್ಟರು: ಎಟಿಕೆ ತೆಗೆದೆ, ಇನ್ನು ಮೇಲೆ ನೀವು ಸೂಪರ್ ಜೈಂಟ್. ಆ ಹೆಸರು ಹಿಂದೆ ಪುಣೆಯ ಕ್ರಿಕೆಟ್ ತಂಡಕ್ಕೆ ಇಟ್ಟದ್ದು, ಆಮೇಲೆ ಲಖನೌ ತಂಡಕ್ಕೆ ಇಟ್ಟದ್ದು. ಬಾಗನ್‌ಗೆ ಬಂದದ್ದು ಹಲವು ಕೈ ದಾಟಿ. ಅಭಿಮಾನಿಗಳು ಆನಂದಬಾಷ್ಪ ಸುರಿಸಿದರು.

ಆ ಕಡೆಯ ಕಥೆ ಇನ್ನೂ ರಂಗಾದದ್ದು. ಮಲ್ಯ ಅವರು 2016ರಲ್ಲಿ ಲಂಡನ್ನಿಗೆ ಹೋಗಿ ಅಲ್ಲಿಯೇ ನೆಲೆಸಿದ್ದು ನಿಮಗೆಲ್ಲ ಗೊತ್ತು. ಬ್ಯಾಂಕುಗಳಿಗಂತೂ ಚೆನ್ನಾಗಿಯೇ ಗೊತ್ತು. 2018ರಲ್ಲಿ ಈಸ್ಟ್ ಬೆಂಗಾಲ್‌ನ ಶೇ 70ರಷ್ಟು ಪಾಲನ್ನು ಮತ್ತೊಂದು ಬೆಂಗಳೂರು ಕಂಪನಿ ಹಿಡಿಯಿತು, ಕ್ವೆಸ್. ಬೇರೆ ಕಂಪನಿಗಳಿಗೆ ಆಳುಗಳನ್ನು ಒದಗಿಸುವುದು ಅವರ ಕಸುಬು. ಕ್ಲಬ್ಬಿನ ಹಳೇ ಪದಾಧಿಕಾರಿಗಳನ್ನು ಮಾತ್ರ ಅವರಿಂದಲೂ ಎಲ್ಲಿಗೂ ಸಾಗಿಸಲಾಗಲಿಲ್ಲ. ಎರಡು ವರ್ಷಕ್ಕೆ ಕೈಮುಗಿದು ಹೋದರು. ಆಮೇಲೆ ಮುಖ್ಯಮಂತ್ರಿಯವರ ಮಧ್ಯಸ್ಥಿಕೆಯಲ್ಲಿ ಶ್ರೀ ಸಿಮೆಂಟ್ ಬಂತು, ತಂಡ ಎಸ್‌ಸಿ ಈಸ್ಟ್ ಬೆಂಗಾಲ್ ಆಯಿತು. ಎಸ್‌ಸಿ ಎಂದರೆ ಸ್ಪೋರ್ಟಿಂಗ್ ಕ್ಲಬ್ ಎಂದು ಓದಿಕೊಳ್ಳಲು ಅಪ್ಪಣೆಯಾಯಿತು. ಸಿಮೆಂಟ್ ಕಂಪನಿಗೂ ಕ್ಲಬ್ಬಿನವರಿಗೂ ಒಪ್ಪಂದದ ಕಾಗದದ ಮೇಲೆ ಜಗಳ ಹತ್ತಿ, ಸಹಿ ಹಾಕಿ ಎಂದು ಗೋಗರೆಯಲು ಬಂದ ಅಭಿಮಾನಿಗಳು 2021ರ ಜುಲೈನಲ್ಲಿ ತಮ್ಮದೇ ಕ್ಲಬ್ಬಿನ ಮುಂದೆ ಪೊಲೀಸರ ಲಾಠಿ ರುಚಿ ಕಂಡರು. ಸಿಮೆಂಟೂ ಅಂಟಲಿಲ್ಲ. 2022ರಲ್ಲಿ ಮತ್ತೆ ಮುಖ್ಯಮಂತ್ರಿಯವರೇ ಹುಡುಕಿಕೊಟ್ಟದ್ದು ಇಮಾಮಿ. ತಲೆ ತಂಪಾಗಿಸುವ ಎಣ್ಣೆ ಮಾರುವವರು. ಈ ಒಂದು ಆಯ್ಕೆಯಲ್ಲಿ ಮಾತ್ರ ಸರ್ಕಾರದ ದೂರದೃಷ್ಟಿಯನ್ನು ಮೆಚ್ಚಬೇಕು.

ನಾವು ಬೆಂಗಳೂರಿನವರು ಇದನ್ನೆಲ್ಲ ನೋಡಿ ನಗುವ ಹಾಗಿಲ್ಲ. ಒಂದು ಕಾಲಕ್ಕೆ ನಮ್ಮಲ್ಲೂ ಐಟಿಐ, ಎಚ್‌ಎಎಲ್ ತಂಡಗಳಿದ್ದವು. ಎರಡೂ ಸರ್ಕಾರಿ ಕಾರ್ಖಾನೆಗಳು. ಶಿಫ್ಟ್ ಮುಗಿಸಿ ಬಂದವರು ನೋಡುವ ಆಟ. ಅವು ಮಂಕಾದವು. 2013ರಲ್ಲಿ ಬೆಂಗಳೂರು ಎಫ್‌ಸಿ ಬಂತು, ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಕಂಠೀರವದಲ್ಲಿ ಹಾಡುವವರು ಸಿಕ್ಕರು, ಡೋಲು ಸಿಕ್ಕಿತು, ಊರೊಳಗೆ ಶತ್ರು ಮಾತ್ರ ಸಿಗಲಿಲ್ಲ. ಕೊನೆಗೆ ಕೇರಳದಿಂದ ತರಿಸಿಕೊಂಡೆವು. 2023ರ ಮಾರ್ಚ್ 3ರಂದು ಸುನಿಲ್ ಚೆಟ್ರಿ ಫ್ರೀಕಿಕ್‌ನ ಚೆಂಡನ್ನು ಎದುರಾಳಿಗಳು ಸಾಲು ಕಟ್ಟುವ ಮೊದಲೇ ಒದ್ದು ಗೋಲು ಮಾಡಿದರು, ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ನಡೆಯಿತು, ಫೆಡರೇಷನ್ 4 ಕೋಟಿ ದಂಡ ಹಾಕಿತು. ಆ ಒಂದು ಒದೆತದಿಂದ ನಮಗೆ ಕೆಲವು ವರ್ಷಕ್ಕಾಗುವಷ್ಟು ದ್ವೇಷದ ದಾಸ್ತಾನು ಆಗಿದೆ. ಅಂಥ ದಾಸ್ತಾನು ತುಂಬಿದ್ದರೂ 2025ರ ಜುಲೈ ಹೊತ್ತಿಗೆ ಫಿಫಾ ಪಟ್ಟಿಯಲ್ಲಿ ಭಾರತ 133ನೇ ಸ್ಥಾನಕ್ಕೆ ಇಳಿದಿತ್ತು ಎಂಬುದು ಬೇರೆ ಮಾತು. ಜಗಳ ಮಾರುವವರಿಗೆ ಅದು ಅಪ್ರಸ್ತುತ.

ಈಗ ಒಂದು ದುರ್ಘಟನೆಯ ವರದಿ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಮೇಲೆ ಅತ್ಯಾಚಾರ ಮತ್ತು ಕೊಲೆ ನಡೆದು ಊರು ಕೆರಳಿತ್ತು. ಆಗಸ್ಟ್ 18ಕ್ಕೆ ಡ್ಯುರಾಂಡ್ ಕಪ್ ಡರ್ಬಿ ಗೊತ್ತಾಗಿತ್ತು. ಎರಡೂ ಗ್ಯಾಲರಿಗಳು ನ್ಯಾಯ ಕೇಳಿ ಕೂಗುತ್ತವೆ ಎಂಬ ಸುದ್ದಿ ಹಬ್ಬಿತ್ತು. ಬಂದೋಬಸ್ತಿಗೆ ಸಾಕಷ್ಟು ಪೊಲೀಸರಿಲ್ಲ ಎಂಬ ಕಾರಣ ಕೊಟ್ಟು ಪಂದ್ಯ ರದ್ದು ಮಾಡಿದರು. ಬಾಗನ್‌ನವರೂ ಈಸ್ಟ್ ಬೆಂಗಾಲ್‌ನವರೂ, ಜೊತೆಗೆ ಊರಿನ ಇನ್ನೊಂದು ಕ್ಲಬ್ಬಾದ ಮೊಹಮ್ಮಡನ್ ಸ್ಪೋರ್ಟಿಂಗ್‌ನವರೂ, ಬೀಗ ಬಿದ್ದ ಸ್ಟೇಡಿಯಂ ಎದುರು ಒಟ್ಟಿಗೆ ಬಂದು ನಿಂತರು. ಕೆಂಪು-ಹಳದಿ ಅಂಗಿಯವನ ಹೆಗಲೇರಿ ಬಾಗನ್‌ನ ಹಸಿರು-ಕಡುಗೆಂಪು ಅಂಗಿಯವನು ಕೂಗುತ್ತಿದ್ದ ಚಿತ್ರ ಊರೆಲ್ಲ ಓಡಾಡಿತು. ಅವರು ಪರಸ್ಪರ ಹೊಡೆದಾಡಿದರೆ ತಡೆಯಲು ಸಾಲದಿದ್ದ ಪೊಲೀಸರು, ಅವರು ಒಟ್ಟಾದಾಗ ಹೊಡೆಯಲು ಮಾತ್ರ ಬೇಕಾದಷ್ಟು ಸಿಕ್ಕರು.

ಪ್ರಾಯೋಜಕರ ಕರಾರಿನಲ್ಲಿ ಮಳೆಗೆ ಒಂದು ಕಲಮು ಇರುತ್ತದೆ, ಗಲಭೆಗೆ ಒಂದು ಇರುತ್ತದೆ. ಇಂಥ ಅನಾಹುತಕ್ಕೆ ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಎರಡೂ ಗ್ಯಾಲರಿಗಳು ಇದನ್ನೇ ಚಾಳಿ ಮಾಡಿಕೊಂಡು, ಲಾಠಿಯ ಮೇಲೆ ಮುಗಿಸದೆ ಟಿಕೆಟ್ ದರದ ಬಗ್ಗೆಯೂ ಒಟ್ಟಿಗೆ ಕೇಳಿದರೆ? ಕ್ಲಬ್ಬಿನ ಹೆಸರು ಕೊಂಡವರ ಬಗ್ಗೆ ಕೇಳಿದರೆ? ವ್ಯಾಪಾರವೇ ಮುಳುಗುತ್ತಿತ್ತು. ಪುಣ್ಯಕ್ಕೆ ಹಾಗಾಗಲಿಲ್ಲ. ಅಕ್ಟೋಬರ್ 19ಕ್ಕೆ ಸೂಪರ್ ಲೀಗಿನ ಡರ್ಬಿ ಅದೇ ಸ್ಟೇಡಿಯಂನಲ್ಲಿ ನಡೆಯಿತು. ಈ ಸಲ ಪೊಲೀಸರಿಗೆ ಬರ ಬರಲಿಲ್ಲ. ಆಸ್ಟ್ರೇಲಿಯಾದ ಮ್ಯಾಕ್ಲಾರನ್ ಒಂದು, ಆಸ್ಟ್ರೇಲಿಯಾದವರೇ ಆದ ಪೆಟ್ರಾಟೋಸ್ ಒಂದು ಗೋಲು ಹೊಡೆದು ಘೋಟಿಗಳ ಕುಲಗೌರವ ಉಳಿಸಿದರು. ಬಾಗನ್ 2-0. ಎರಡು ತಿಂಗಳ ಹಿಂದೆ ಒಂದೇ ಲಾಠಿಗೆ ಬೆನ್ನು ಕೊಟ್ಟವರು ಗೇಟಿನ ಬಳಿ ಮತ್ತೆ ಒಬ್ಬರ ಅಪ್ಪಂದಿರನ್ನು ಇನ್ನೊಬ್ಬರು ವಿಚಾರಿಸಿಕೊಂಡರು, ಎಣ್ಣೆಯವರಿಗೂ ಜೈಂಟ್‌ನವರಿಗೂ ಹೋದ ಜೀವ ಬಂತು.